ಹಳೆ ರೆಕಾರ್ಡ್ ಪ್ಲೇಯರ್‌ಗೆ ಹೊಸ ತಂತಿ: ಗುಂಯ್ ಸದ್ದು ಬಂತೆಂದು ಗುಜರಿಗೆ ಹಾಕದಿರಿ

ವಾಶಿ: ಸಿಡ್ಕೋ ಸಂಸ್ಥೆ 1970ರಲ್ಲಿ ಸ್ಥಾಪನೆಯಾಗಿ, 1973ರಲ್ಲಿ ಥಾಣೆ ಖಾರಿಗೆ ಮೊದಲ ಸೇತುವೆ ಬಂದ ಬಳಿಕ ಮುಂಬಯಿಯ ಚಾಳು, ಕೋಣೆಗಳಲ್ಲಿ ಬಾಡಿಗೆಗಿದ್ದ ಕನ್ನಡಿಗರ ಅನೇಕ ಕುಟುಂಬಗಳು ವಾಶಿಯತ್ತ ಮುಖ ಮಾಡಿದವು. 1992ರಲ್ಲಿ ಮಾನ್‌ಖುರ್ದ್‌ನಿಂದ ರೈಲು ಬಂದ ಮೇಲಂತೂ ಕೇಳುವುದೇ ಬೇಡ. ಹೀಗೆ ಬಂದವರು ತಂದ ಸಾಮಾನುಗಳಲ್ಲಿ ತವರೂರಿನ ಪಾತ್ರೆ, ದೇವರ ಪಟಗಳೊಂದಿಗೆ ರೆಕಾರ್ಡ್ ಪ್ಲೇಯರ್ ಮತ್ತು ಒಂದಷ್ಟು ಹಾಡಿನ ತಟ್ಟೆಗಳೂ ಇದ್ದವು. ಕ್ಯಾಸೆಟ್ ಬಂದಾಗ ಅವು ಕಪಾಟಿನಿಂದ ಮೇಲಿನ ಅಟ್ಟಕ್ಕೇರಿದವು. ಸಿ.ಡಿ., ಮೊಬೈಲು ಬಂದಾಗ ಅಲ್ಲಿಯೇ ಮರೆತುಹೋದವು.

ಈಗ ಹಳೆಯ ಕಟ್ಟಡಗಳ ಮರುನಿರ್ಮಾಣದ ಕಾಲ. ಮನೆ ಖಾಲಿ ಮಾಡುವಾಗ ಅಟ್ಟದ ಸಾಮಾನು ಕೆಳಗಿಳಿಯುತ್ತದೆ, ಭಂಗಾರದವನು ಬಾಗಿಲಲ್ಲಿ ನಿಂತಿರುತ್ತಾನೆ. ತಟ್ಟೆಗಳನ್ನು ಉಳಿಸೋಣವೆಂದು ಮನಸ್ಸಾದರೂ ಪ್ಲೇಯರ್ ಹಾಡುವುದಿಲ್ಲ. ಒಂದು ಸ್ಪೀಕರ್ ಮೂಕವಾಗಿರುತ್ತದೆ. ಕೈಯಲ್ಲಿ ಕಸುಬಿರುವ ಮನೆಯವರೇ ಟೋನ್‌ಆರ್ಮ್‌ನ ಒಳಗಿನ ತುಂಡಾದ ತಂತಿಯನ್ನು ಬದಲಿಸುತ್ತಾರೆ. ಹಾಡೇನೋ ಬರುತ್ತದೆ. ಆದರೆ ಹಾಡಿನ ಹಿಂದೆ, ಹಾಡಿಗಿಂತ ದಪ್ಪನಾಗಿ, ‘ಗುಂಯ್’ ಎನ್ನುವ ಸದ್ದೂ ಬರುತ್ತದೆ. ‘ಇದು ಇನ್ನು ಆಗುವ ಮಾತಲ್ಲ’ ಎಂದು ಕೈಚೆಲ್ಲುವುದು ಇಲ್ಲಿಯೇ. ವಾಸ್ತವದಲ್ಲಿ ಈ ಹಂತಕ್ಕೆ ಬಂದವರು ಮುಕ್ಕಾಲು ಪಾಲು ಗೆದ್ದಿರುತ್ತಾರೆ ಎಂಬುದು ಗಮನಾರ್ಹ. ಉಳಿದಿರುವುದು ತಾಳ್ಮೆಯಿಂದ ಲೆಕ್ಕ ತಾಳೆ ನೋಡುವ ಕೆಲಸ ಮಾತ್ರ.

ತಟ್ಟೆಯಲ್ಲಿ ಏನಿದೆ?

ಗುಜರಿಗೆ ಹೋಗುವುದು ಬರೇ ಪ್ಲಾಸ್ಟಿಕ್ ಅಲ್ಲ. ಭಾರತದಲ್ಲಿ ಗ್ರಾಮಾಫೋನ್ ಧ್ವನಿಮುದ್ರಣ ಆರಂಭವಾದುದು 1902ರಲ್ಲಿ, ಕೋಲ್ಕತ್ತಾದಲ್ಲಿ. ಆ ಬಳಿಕದ ದಶಕಗಳಲ್ಲಿ ಕನ್ನಡ ನಾಡಿನ ಕಂಠಗಳು ತಟ್ಟೆಗೆ ಇಳಿದುದರಲ್ಲಿ ಮುಂಬಯಿಯ ಪಾತ್ರ ದೊಡ್ಡದು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಎಚ್‌ಎಂವಿ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತು. ಆಗಿನ ಅವರ ಕಂಠ ತೆಳು, ಏರುದನಿಯದು. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಬಂದ ಗಂಭೀರ ದನಿಯನ್ನಷ್ಟೇ ಕೇಳಿದವರು ಆ ತಟ್ಟೆ ಕೇಳಿದರೆ ಇವರೇ ಅವರೆಂದು ನಂಬಲಾರರು. ಬಿಜಾಪುರ ಸೀಮೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಬಂದು, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೇ ಮನೆಮಾತಾದರು. ಉಡುಪಿ ಸೀಮೆಯ ಪಿ. ಕಾಳಿಂಗ ರಾಯರು ಭಾವಗೀತೆಗಳನ್ನು ಮನೆಮನೆಗೆ ತಲುಪಿಸಿದರು. ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ ಅವರ ಲಾಂಗ್ ಪ್ಲೇ ತಟ್ಟೆಗಳು, 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ನುಡಿಸಿದ ಶಹನಾಯಿ — ಇವೆಲ್ಲ ಮೊದಲು ಮನೆಗಳಿಗೆ ಬಂದುದು ಈ ತಟ್ಟೆಗಳ ಮೂಲಕವೇ.

ಇವುಗಳಲ್ಲಿ ಎಷ್ಟೋ ಇಂದು ಮೊಬೈಲಿನಲ್ಲಿಯೂ ಸಿಗುತ್ತವೆ ನಿಜ. ಆದರೆ ಮತ್ತೆಂದೂ ಮರುಮುದ್ರಣ ಕಾಣದ ನಾಟಕದ ಹಾಡು, ಹರಿಕಥೆಯ ತುಣುಕು, ಮರೆತುಹೋದ ಚಿತ್ರದ ಗೀತೆ ಯಾರದೋ ಮನೆಯ ಅಟ್ಟದಲ್ಲಿ ಮಾತ್ರ ಇರುವ ಸಾಧ್ಯತೆ ಇದೆ. ಅದನ್ನು ಒಮ್ಮೆಯಾದರೂ ಶುದ್ಧವಾಗಿ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಾದರೆ ಈ ಗುಂಯ್ ಸದ್ದು ಹೋಗಲೇಬೇಕು.

ಗುಂಯ್ ಸದ್ದು ಎಲ್ಲಿಂದ?

ಟೋನ್‌ಆರ್ಮ್‌ನ ತುದಿಯಲ್ಲಿರುವ ಕಾರ್ಟ್ರಿಡ್ಜ್, ಮುಳ್ಳಿನ ಅಲುಗಾಟವನ್ನು ವಿದ್ಯುತ್ ಆಗಿ ಬದಲಿಸುತ್ತದೆ. ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್ ಆದರೆ ಅದರಿಂದ ಹುಟ್ಟುವುದು ಸುಮಾರು 3ರಿಂದ 5 ಮಿಲಿವೋಲ್ಟ್ ಅಷ್ಟೆ. ಮನೆಯ ಗೋಡೆಯಲ್ಲಿ ಹರಿಯುವುದು 230 ವೋಲ್ಟ್. ಅಂದರೆ 46,000 ರೂಪಾಯಿಯ ಎದುರು ಒಂದು ರೂಪಾಯಿ ಇಟ್ಟ ಹಾಗೆ. ಈ ಒಂದು ರೂಪಾಯಿಯನ್ನು ಕಾಪಾಡಿಕೊಂಡು ಆಂಪ್ಲಿಫೈಯರ್‌ಗೆ ಮುಟ್ಟಿಸಬೇಕಾದುದು ಕೂದಲೆಳೆಯಂಥ ನಾಲ್ಕು ತಂತಿಗಳು.

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ-ಮುಂದೆ ಹೋಗಿ ಬರುತ್ತದೆ. ಅದರ ನೆರಳು ತಂತಿಗೆ ತಗುಲಿದರೆ 50 ಹರ್ಟ್ಸ್‌ನ ಸದ್ದಾಗಿ ಕೇಳುತ್ತದೆ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿದವರಿಗೆ ಇದು ಬೇಗ ತಿಳಿದೀತು: ಬಿಳಿ ಐದರ ಶ್ರುತಿಯನ್ನು ಎರಡು ಸಪ್ತಕ ಕೆಳಗಿಳಿಸಿದರೆ ಹೆಚ್ಚುಕಡಿಮೆ ಇದೇ ಸ್ವರ. ಹಾಡುವವರ ಶ್ರುತಿ ಬೇರೆಯಾಗಿದ್ದರೆ ಕಿವಿಗೆ ಇನ್ನಷ್ಟು ಹಿಂಸೆ.

ಇನ್ನೊಂದು ಕಾರಣವೂ ಇದೆ. ತಟ್ಟೆ ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಏರು ಸ್ವರಗಳನ್ನು ಹಿಗ್ಗಿಸಿ ಕೊರೆಯುತ್ತಾರೆ. ಇಲ್ಲವಾದರೆ ಗೆರೆಗಳು ಅಗಲವಾಗಿ ಹೆಚ್ಚು ಹೊತ್ತಿನ ಹಾಡು ಹಿಡಿಸುವುದಿಲ್ಲ. 1950ರ ದಶಕದಲ್ಲಿ ಜಗತ್ತಿನ ಕಂಪನಿಗಳು ಒಪ್ಪಿಕೊಂಡ ಈ ಕ್ರಮಕ್ಕೆ ‘ಆರ್‌ಐಎಎ’ ಎಂದು ಹೆಸರು. ನುಡಿಸುವಾಗ ಆಂಪ್ಲಿಫೈಯರ್‌ನ ಫೋನೋ ವಿಭಾಗ ಇದನ್ನು ತಿರುವುಮುರುವು ಮಾಡುತ್ತದೆ. ಹಾಗಾಗಿ ಮಧ್ಯಮ ಸ್ವರವನ್ನು 100 ಪಟ್ಟು ಹಿಗ್ಗಿಸುವ ಯಂತ್ರ 50 ಹರ್ಟ್ಸ್‌ನ ಸದ್ದನ್ನು ಸುಮಾರು 700 ಪಟ್ಟು ಹಿಗ್ಗಿಸುತ್ತದೆ. ರೇಡಿಯೋ, ಸಿ.ಡಿ. ಹಾಕಿದಾಗ ಶುದ್ಧವಾಗಿ ಹಾಡುವ ಅದೇ ಆಂಪ್ಲಿಫೈಯರ್ ರೆಕಾರ್ಡ್ ಹಾಕಿದಾಗ ಗುಂಯ್‌ಗುಟ್ಟುವುದು ಈ ಕಾರಣಕ್ಕೆ.

ಸೂಟ್‌ಕೇಸಿನಂತೆ ಮುಚ್ಚಿ ಒಯ್ಯುವ ಹಳೆಯ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಇರುವುದು ಸಿರಾಮಿಕ್ ಕಾರ್ಟ್ರಿಡ್ಜ್. ಅದು ನೂರಾರು ಮಿಲಿವೋಲ್ಟ್ ಕೊಡುವುದರಿಂದ ಗುಂಯ್ ಸದ್ದಿನ ಕಾಟ ಕಡಿಮೆ. ತಮ್ಮ ಮನೆಯಲ್ಲಿರುವುದು ಯಾವುದೆಂದು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ನಾಲ್ಕು ಬಣ್ಣ, ನಾಲ್ಕು ಖಾತೆ

ಕಾರ್ಟ್ರಿಡ್ಜ್‌ನ ಹಿಂದೆ ನಾಲ್ಕು ಪಿನ್ನುಗಳಿವೆ. ಬಿಳಿ ತಂತಿ ಎಡ ಸ್ಪೀಕರಿನ ಸಿಗ್ನಲ್, ನೀಲಿ ಅದರ ಗ್ರೌಂಡ್. ಕೆಂಪು ಬಲ ಸ್ಪೀಕರಿನ ಸಿಗ್ನಲ್, ಹಸಿರು ಅದರ ಗ್ರೌಂಡ್. ಈ ನಾಲ್ಕೂ ಟೋನ್‌ಆರ್ಮ್ ಕೊಳವೆಯೊಳಗಿನಿಂದ ಸಾಗಿ, ತಿರುಗುವ ಕೀಲಿನ ಬಳಿ ಹೊರಬಂದು, ಎರಡು ಪಿನ್ನಿಗೆ ಸೇರುತ್ತವೆ. ಸಿಗ್ನಲ್ ತಂತಿ ಪಿನ್ನಿನ ನಡುವಿನ ಕಡ್ಡಿಗೆ, ಗ್ರೌಂಡ್ ತಂತಿ ಹೊರಗಿನ ಬಳೆಗೆ. ಐದನೆಯದಾಗಿ ಟೋನ್‌ಆರ್ಮ್‌ನ ಲೋಹದ ಕೊಳವೆಯಿಂದಲೇ ಹೊರಡುವ ಒಂದು ಗ್ರೌಂಡ್ ತಂತಿ ಇರುತ್ತದೆ. ಇದನ್ನು ಆಂಪ್ಲಿಫೈಯರ್‌ನ ಹಿಂದಿರುವ ಗ್ರೌಂಡ್ ತಿರುಪಿಗೆ ಬಿಗಿಯಬೇಕು.

ತಂತಿ ಬದಲಿಸುವಾಗ ಹೆಚ್ಚಿನವರ ಗಮನ ನಾಲ್ಕರ ಮೇಲಿರುತ್ತದೆ. ಐದನೆಯದು ಹಳೆಯ ತಂತಿಯೊಂದಿಗೆ ಕಿತ್ತುಬಂದಿರುತ್ತದೆ, ಇಲ್ಲವೇ ಬುಡದ ಲೋಹಕ್ಕೆ ಸೇರಿದ್ದರೆ ಸಾಕೆಂದು ಬಿಟ್ಟಿರುತ್ತಾರೆ. ಕೀಲಿನ ಪುಟ್ಟ ಬೇರಿಂಗುಗಳಲ್ಲಿ ಎಣ್ಣೆ, ಗ್ರೀಸು ಇರುವುದರಿಂದ ಬುಡಕ್ಕೂ ಕೊಳವೆಗೂ ವಿದ್ಯುತ್ ಸಂಪರ್ಕ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಗ್ರೌಂಡ್ ಸಿಗದ ಲೋಹದ ಕೊಳವೆ ಆಂಟೆನಾ ಆಗಿಬಿಡುತ್ತದೆ. ಒಳಗಿನ ತಂತಿಗಳಿಗೆ ಕೊಡೆಯಾಗಬೇಕಾದುದೇ ಮಳೆ ಸುರಿಸಿದಂತೆ.

ಮೊದಲು ಕಿವಿಯಿಂದ ತಪಾಸಣೆ

ಮೀಟರ್ ಹಿಡಿಯುವ ಮುನ್ನ ಐದು ಸರಳ ಪರೀಕ್ಷೆಗಳಿವೆ. ವಾಲ್ಯೂಮ್ ತಗ್ಗಿಸಿಯೇ ಮಾಡಬೇಕು. ಪಿನ್ನು ಕೀಳುವಾಗ, ಚುಚ್ಚುವಾಗ ಆಂಪ್ಲಿಫೈಯರ್ ಬಂದ್ ಇರಬೇಕು. ಇಲ್ಲದಿದ್ದರೆ ಸ್ಪೀಕರಿಗೆ ಪೆಟ್ಟು.

ಒಂದು: ಪ್ಲೇಯರಿನ ಎರಡೂ ಪಿನ್ನುಗಳನ್ನು ಆಂಪ್ಲಿಫೈಯರ್‌ನಿಂದ ಕಿತ್ತು ನೋಡಿ. ಆಗಲೂ ಅದೇ ಸದ್ದಿದ್ದರೆ ದೋಷ ಆಂಪ್ಲಿಫೈಯರ್‌ನದು, ಟೋನ್‌ಆರ್ಮ್ ನಿರ್ದೋಷಿ.

ಎರಡು: ಸದ್ದು ಒಂದೇ ಸ್ಪೀಕರಿನಲ್ಲಿದ್ದರೆ ಎಡ-ಬಲ ಪಿನ್ನುಗಳನ್ನು ಅದಲುಬದಲು ಮಾಡಿ. ಸದ್ದು ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಪ್ಲೇಯರಿನಲ್ಲಿ. ಅಲ್ಲಿಯೇ ಉಳಿದರೆ ಆಂಪ್ಲಿಫೈಯರ್‌ನಲ್ಲಿ.

ಮೂರು: ತಟ್ಟೆ ನಿಂತಿರುವಾಗ ಟೋನ್‌ಆರ್ಮ್‌ನ ಲೋಹವನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿ. ಮುಟ್ಟಿದೊಡನೆ ಸದ್ದು ಬದಲಾದರೆ ಕೊಳವೆಗೆ ಗ್ರೌಂಡ್ ಇಲ್ಲವೆಂದು ತಿಳಿಯಬಹುದು. ಮುಟ್ಟಿದಾಗ ಜುಂ ಎಂದು ಶಾಕ್ ತಗುಲಿದರೆ ಮಾತ್ರ ತಕ್ಷಣ ಮೇನ್ ಸ್ವಿಚ್ ಬಂದ್ ಮಾಡಿ. ಅದು ಗುಂಯ್ ಸದ್ದಿನ ವಿಷಯವಲ್ಲ, ಪ್ರಾಣದ ವಿಷಯ.

ನಾಲ್ಕು: ಟೋನ್‌ಆರ್ಮನ್ನು ಕೈಯಲ್ಲೇ ಎತ್ತಿ ತಟ್ಟೆಯ ಅಂಚಿನಿಂದ ನಡುವಿಗೆ ಸರಿಸಿ ನೋಡಿ. ಒಳಗೆ ಹೋದಂತೆ ಸದ್ದು ಏರಿದರೆ ಕಾರ್ಟ್ರಿಡ್ಜ್ ಮೋಟಾರಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ. ಇದು ತಂತಿಯ ತಪ್ಪಲ್ಲ.

ಐದು: ಪ್ಲೇಯರನ್ನು ಆಂಪ್ಲಿಫೈಯರ್‌ನಿಂದ ಎರಡು-ಮೂರು ಅಡಿ ದೂರ ಸರಿಸಿ, ಅತ್ತಿತ್ತ ತಿರುಗಿಸಿ ನೋಡಿ. ಸದ್ದು ಕಡಿಮೆಯಾದರೆ ಆಂಪ್ಲಿಫೈಯರ್‌ನೊಳಗಿನ ಟ್ರಾನ್ಸ್‌ಫಾರ್ಮರ್ ಕಾರಣ. ಜಾಗ ಸಾಲದ ಮನೆಗಳಲ್ಲಿ ಒಂದರ ಮೇಲೊಂದು ಪೇರಿಸಿಡುವುದರಿಂದ ಬರುವ ತೊಂದರೆಯಿದು.

ಬಳಿಕ ಮೀಟರ್

ಈಗ ಪ್ಲಗ್ಗು ಗೋಡೆಯಿಂದ ಕಿತ್ತು, ಪಿನ್ನುಗಳನ್ನು ಆಂಪ್ಲಿಫೈಯರ್‌ನಿಂದ ಬಿಡಿಸಿ, ಕಾರ್ಟ್ರಿಡ್ಜ್‌ನ ನಾಲ್ಕು ಕ್ಲಿಪ್ಪುಗಳನ್ನೂ ಚಿಮಟದಿಂದ ಮೆಲ್ಲನೆ ಎಳೆದು ಬಿಡಿಸಬೇಕು. ಕಾರ್ಟ್ರಿಡ್ಜ್ ಸೇರಿಸಿಕೊಂಡು ಅಳೆದರೆ ಒಳಗಿನ ಸುರುಳಿಯ ಮೂಲಕ ಎರಡು ತಂತಿ ಒಂದಾಗಿ ಕಾಣುವುದರಿಂದ ಲೆಕ್ಕ ತಪ್ಪುತ್ತದೆ, ಸೂಕ್ಷ್ಮವಾದ ಸುರುಳಿಗೂ ಒಳ್ಳೆಯದಲ್ಲ.

ಬಿಳಿ ಕ್ಲಿಪ್ಪಿನಿಂದ ಎಡ ಪಿನ್ನಿನ ನಡುಕಡ್ಡಿಗೆ, ನೀಲಿಯಿಂದ ಎಡದ ಹೊರಬಳೆಗೆ, ಕೆಂಪಿನಿಂದ ಬಲದ ನಡುಕಡ್ಡಿಗೆ, ಹಸಿರಿನಿಂದ ಬಲದ ಹೊರಬಳೆಗೆ ಮೀಟರ್ ಹಿಡಿದರೆ ಒಂದೆರಡು ಓಮ್‌ಗಿಂತ ಹೆಚ್ಚು ತೋರಿಸಬಾರದು. ಅಳೆಯುತ್ತಿರುವಾಗಲೇ ಟೋನ್‌ಆರ್ಮನ್ನು ಅತ್ತಿತ್ತ ಆಡಿಸಬೇಕು. ಅಂಕಿ ಕುಣಿದರೆ ಕೀಲಿನ ಬಳಿ ತಂತಿ ಒಳಗೇ ತುಂಡಾಗಿದೆ. ಒಂದು ಬಣ್ಣದ ತಂತಿಗೂ ಇನ್ನೊಂದಕ್ಕೂ ಯಾವ ಸಂಪರ್ಕವೂ ಇರಬಾರದು. ಲೋಹದ ಕೊಳವೆಯಿಂದ ಐದನೆಯ ತಂತಿಯ ತುದಿಗೆ ಸಂಪರ್ಕ ಇರಲೇಬೇಕು.

ಕೊನೆಯ ತಪಾಸಣೆಯಲ್ಲಿಯೇ ಅನೇಕರು ಎಡವುವುದು. ಕೊಳವೆಗೂ ನೀಲಿ ಅಥವಾ ಹಸಿರು ತಂತಿಗೂ ಸಂಪರ್ಕ ತೋರಿಸಿದರೆ ಗ್ರೌಂಡಿಗೆ ಎರಡು ದಾರಿಗಳಾದವು. ಎರಡು ದಾರಿ ಸೇರಿದರೆ ಒಂದು ವರ್ತುಲ, ವರ್ತುಲವಾದರೆ ಅದರಲ್ಲಿ ಮನೆಯ ಕರೆಂಟಿನ ನೆರಳು ಸುತ್ತತೊಡಗುತ್ತದೆ. ಗ್ರೌಂಡ್ ಇಲ್ಲದಿದ್ದರೂ ಸದ್ದು, ಎರಡೆರಡು ಇದ್ದರೂ ಸದ್ದು! ಕೆಲವು ಕಾರ್ಟ್ರಿಡ್ಜ್‌ಗಳ ಬೆನ್ನಿನಲ್ಲಿ ಒಂದು ಗ್ರೌಂಡ್ ಪಿನ್ನಿಗೂ ಅದರ ಲೋಹದ ಮೈಗೂ ಪುಟ್ಟ ಪಟ್ಟಿಯೊಂದು ಸೇರಿರುತ್ತದೆ. ಕಾರ್ಟ್ರಿಡ್ಜ್ ಲೋಹದ ಹೆಡ್‌ಶೆಲ್‌ಗೆ ತಗುಲಿದೊಡನೆ ಎರಡನೆಯ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಆ ಪಟ್ಟಿಯನ್ನು ಬಿಡಿಸಿದರೆ ಸದ್ದು ನಿಲ್ಲುವುದುಂಟು. ಹಾಗೆಯೇ ರೇಗಾದಂಥ ಕಂಪನಿಗಳ ಟೋನ್‌ಆರ್ಮ್‌ಗಳಲ್ಲಿ ಕೊಳವೆಯ ಗ್ರೌಂಡನ್ನು ಒಂದು ಪಿನ್ನಿನ ಹೊರಬಳೆಗೇ ಸೇರಿಸಿ, ಐದನೆಯ ತಂತಿಯನ್ನೇ ಕೊಟ್ಟಿರುವುದಿಲ್ಲ. ಅಂಥದ್ದಕ್ಕೆ ಹೊಸದಾಗಿ ಇನ್ನೊಂದು ತಂತಿ ಎಳೆಯುವ ಅಗತ್ಯವಿಲ್ಲ.

ಒಂದು ಕಡೆ ಸಿಗ್ನಲ್-ಗ್ರೌಂಡ್ ತಂತಿಗಳು ಅದಲುಬದಲಾದರೆ ಕೆಲವೊಮ್ಮೆ ಗುಂಯ್ ಸದ್ದು ಬಾರದೆಯೂ ಇರಬಹುದು. ಆಗ ಹಾಡು ಟೊಳ್ಳಾಗಿ ಕೇಳುತ್ತದೆ, ತಬಲಾದ ಡಗ್ಗ ಮಾಯವಾಗುತ್ತದೆ, ಗಾಯಕರು ನಡುವೆ ನಿಂತು ಹಾಡಿದಂತೆ ಅನಿಸುವುದಿಲ್ಲ. ಜಮೆ-ಖರ್ಚು ಅದಲುಬದಲಾದ ಪುಸ್ತಕದಂತೆ, ಮೊತ್ತ ಬರುತ್ತದೆ, ತಾಳೆ ಬರುವುದಿಲ್ಲ.

ಬೆಸುಗೆಯ ಗುಟ್ಟು

ಟೋನ್‌ಆರ್ಮ್‌ಗೆ ಬಳಸುವ ತಂತಿಯಲ್ಲಿ ಕೂದಲಿಗಿಂತ ಸಣ್ಣ ಎಳೆಗಳಿದ್ದು, ಪ್ರತಿ ಎಳೆಗೂ ವಾರ್ನಿಶಿನ ಲೇಪವಿರುವುದುಂಟು. ಲೇಪ ಸುಟ್ಟುಹೋಗುವಷ್ಟು ಕಾವು ಕೊಟ್ಟು ಮೊದಲೇ ತುದಿಗೆ ಸೀಸ ಹಿಡಿಸದಿದ್ದರೆ ಬೆಸುಗೆ ಹೊರಗಿನಿಂದ ಅಂದವಾಗಿ ಕಾಣುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ಹೊಸ ತಂತಿ ಹಾಕಿದ ಮೇಲೂ ಒಂದು ಕಡೆ ಜೋರಾಗಿ ಗುಂಯ್‌ಗುಟ್ಟಿದರೆ ಮೊದಲು ಸಂಶಯಿಸಬೇಕಾದುದು ಆ ಕಡೆಯ ಗ್ರೌಂಡ್ ತಂತಿಯ ಬೆಸುಗೆಯನ್ನು.

ಕ್ಲಿಪ್ಪುಗಳನ್ನು ಬೆಸೆಯುವಾಗ ಅವು ಕಾರ್ಟ್ರಿಡ್ಜ್‌ಗೆ ಸಿಕ್ಕಿಸಿರಬಾರದು. ಕಾವು ಪಿನ್ನಿನ ಮೂಲಕ ಒಳಗಿಳಿದರೆ ಪ್ಲಾಸ್ಟಿಕ್ ಕರಗಿ ಕಾರ್ಟ್ರಿಡ್ಜೇ ಕೆಡುತ್ತದೆ. ಕೀಲಿನ ಬಳಿ ತಂತಿಗೆ ಸ್ವಲ್ಪ ಸಡಿಲು ಬಿಡಬೇಕು. ಬಿಗಿಯಾದರೆ ಟೋನ್‌ಆರ್ಮನ್ನು ಅದು ಹಿಂದಕ್ಕೆಳೆದು ಮುಳ್ಳು ಗೆರೆ ಹಾರುತ್ತದೆ. ಕೊಳವೆಯಿಂದ ಹೊರಬಂದ ತಂತಿ ಮೋಟಾರಿನ ಹತ್ತಿರ, ಮೇನ್ಸ್ ವಯರಿನ ಜತೆಜತೆಯಾಗಿ ಸಾಗಬಾರದು. ಹೊರಗಿನ ವಯರು ಕವಚವಿರುವುದೇ ಆಗಬೇಕು.

ಖಾರಿಯ ದಂಡೆಯ ವಾಶಿಯಲ್ಲಿ ಮಳೆಗಾಲದ ತೇವ ಬೇರೆ. ಹೆಡ್‌ಶೆಲ್‌ನ ಪುಟ್ಟ ಸಂಪರ್ಕ ಬಿಂದುಗಳು, ಪಿನ್ನುಗಳು ಹಸಿರು, ಕಪ್ಪು ಹಿಡಿಯುತ್ತವೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಸಾಕು. ಈ ಸಾಮಾನುಗಳಿಗೆ ಹಾರ್ಬರ್ ಲೈನಿನಲ್ಲಿ ಹೊರಟು ಕುರ್ಲಾ, ದಾದರ್‌ಗಳಲ್ಲಿ ಗಾಡಿ ಬದಲಿಸಿ ಗ್ರಾಂಟ್‌ರೋಡಿಗಿಳಿದರೆ ಲ್ಯಾಮಿಂಗ್ಟನ್ ರೋಡ್ ಇದೆ.

ಮೂರನೆಯ ಪಿನ್ನು ಕತ್ತರಿಸಬೇಡಿ

ಸದ್ದು ನಿಲ್ಲಿಸಲು ಕೆಲವರು ಹೇಳಿಕೊಡುವ ‘ಸುಲಭ ಉಪಾಯ’ ಒಂದಿದೆ: ಆಂಪ್ಲಿಫೈಯರ್‌ನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ದೊಡ್ಡ ಪಿನ್ನು, ಅಂದರೆ ಅರ್ಥಿಂಗ್, ತೆಗೆದುಬಿಡುವುದು. ಸದ್ದು ನಿಂತರೂ ನಿಲ್ಲಬಹುದು. ಆದರೆ ಮುಂದೊಂದು ದಿನ ಒಳಗೆ ವಯರು ಸುಲಿದು ಲೋಹದ ಪೆಟ್ಟಿಗೆಗೆ ತಗುಲಿದರೆ, ಆ ಕರೆಂಟು ಭೂಮಿಗಿಳಿಯಲು ಆರಿಸಿಕೊಳ್ಳುವ ದಾರಿ ಮುಟ್ಟಿದವರ ದೇಹ. ಹಾಡು ಕೇಳಲು ಕುಳಿತ ಅಜ್ಜನೋ, ಗುಂಡಿ ತಿರುಗಿಸಲು ಓಡಿಬಂದ ಮೊಮ್ಮಗಳೋ ಆಗಿರಬಹುದು. ಈ ಉಪಾಯವನ್ನು ಯಾರು ಹೇಳಿದರೂ ಒಪ್ಪಬಾರದು.

ಅದರ ಬದಲು ಪ್ಲೇಯರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಸಾಕೆಟ್ಟಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿ ನೋಡಬೇಕು. ಬೇರೆ ಬೇರೆ ಗೋಡೆಯ ಸಾಕೆಟ್ಟಿನಿಂದ ಬಂದ ಅರ್ಥಿಂಗುಗಳ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಸದ್ದಿಗೆ ಕಾರಣ. ಹಳೆಯ ಕಟ್ಟಡವಾದರೆ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಲೈಸೆನ್ಸುಳ್ಳ ಇಲೆಕ್ಟ್ರಿಶಿಯನ್‌ನಿಂದ ನೋಡಿಸಿಕೊಳ್ಳುವುದು ಫ್ರಿಜ್ಜು, ಗೀಸರಿನ ದೃಷ್ಟಿಯಿಂದಲೂ ಹಿತ. ವಾಲ್ವ್ ಕಾಲದ ಕೆಲವು ಸೆಟ್ಟುಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ ಮೇನ್ಸ್ ಕರೆಂಟು ಬರುವಂತಿರುತ್ತದೆ. ಅಂಥದ್ದನ್ನು ಮನೆಯಲ್ಲಿ ಬಿಚ್ಚದೆ ಬಲ್ಲ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಕ್ಷೇಮ.

ಇಳಿಸಿಕೊಳ್ಳುವ ಮುನ್ನ

ಸದ್ದು ಹೋಗದಿದ್ದರೂ ಕಂಪ್ಯೂಟರಿಗೆ ಇಳಿಸಿ, ಆಮೇಲೆ ತೆಗೆದರಾಯಿತು ಎನ್ನುವವರಿದ್ದಾರೆ. ತೆಗೆಯಬಹುದು. ಆದರೆ 50, 100 ಹರ್ಟ್ಸ್‌ನ ಗುಂಯ್ ಸದ್ದಿನೊಂದಿಗೆ ಅದೇ ಸ್ಥಾನದ ಮೃದಂಗದ ಎಡಬದಿ, ಗಂಡುಕಂಠದ ಕೆಳ ಸ್ವರಗಳೂ ಸವೆಯುತ್ತವೆ. ಕಾಯಿಲೆ ಮೂಲದಲ್ಲಿಯೇ ವಾಸಿಯಾಗಬೇಕು. ಇಳಿಸುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಹೊಸದೊಂದು ಗುಂಯ್ ಸದ್ದು ಸೇರುವುದು ತಪ್ಪುತ್ತದೆ. 78 ವೇಗದ ತಟ್ಟೆಗಳ ಗೆರೆ ಅಗಲವಾದುದರಿಂದ ಲಾಂಗ್ ಪ್ಲೇ ಮುಳ್ಳಿನಿಂದ ನುಡಿಸಬಾರದು. ಅದಕ್ಕೆ ಬೇರೆಯೇ ದಪ್ಪ ಮುಳ್ಳಿದೆ.

ಭಾರತದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಡಿನ ಸಾಹಿತ್ಯ, ಸಂಗೀತದ ಹಕ್ಕಿನ ಲೆಕ್ಕ ಬೇರೆ. ಅದು ಕರ್ತೃವಿನ ಮರಣಾನಂತರದ 60 ವರ್ಷ. ಮನೆಯಲ್ಲಿ ಕೇಳುವುದು ಬೇರೆ, ಸಾರ್ವಜನಿಕವಾಗಿ ಹಂಚುವುದು ಬೇರೆ ಎಂಬುದನ್ನು ಮರೆಯಬಾರದು.

ಸಂಘ-ಸಂಸ್ಥೆಗಳಿಗೆ ಒಂದು ಕೆಲಸ

ಹಳೆಯ ತಟ್ಟೆಗಳ ಸಂಗ್ರಾಹಕರು ಸೇರಿ 1990ರಲ್ಲಿ ಮುಂಬಯಿಯಲ್ಲಿಯೇ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಸ್ಥಾಪಿಸಿದರು. ತಟ್ಟೆಗಳ ಪಟ್ಟಿ ಮಾಡುವ, ಕೂಡಿ ಕೇಳುವ, ಬರೆದಿಡುವ ಕೆಲಸಕ್ಕೆ ಈ ಮಹಾನಗರದಲ್ಲಿ ದಾರಿ ಹಾಕಿಕೊಟ್ಟ ಸಂಸ್ಥೆಯಿದು. ತಟ್ಟೆಗಳ ಕಾಲ ಮುಗಿಯಿತೆಂಬ ಮಾತೂ ಪೂರ್ತಿ ನಿಜವಲ್ಲ. 2024ರಲ್ಲಿ ಮುಂಬಯಿ ಪರಿಸರದಲ್ಲಿ ಹೊಸದಾಗಿ ತಟ್ಟೆ ಅಚ್ಚೊತ್ತುವ ಘಟಕವೂ ಆರಂಭವಾಗಿದೆ.

1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್‌ನಿಂದ ಹಿಡಿದು ಉಪನಗರದ ಪುಟ್ಟ ಸಂಘಗಳ ತನಕ ಮುಂಬಯಿ ಕನ್ನಡಿಗರಿಗೆ ಸಭಾಗೃಹಗಳಿಗೇನೂ ಕೊರತೆಯಿಲ್ಲ. ವರ್ಷಕ್ಕೊಂದು ಭಾನುವಾರ ಸದಸ್ಯರು ತಮ್ಮ ಅಟ್ಟದ ತಟ್ಟೆಗಳನ್ನು ತಂದು, ಒಂದು ಸರಿಯಾದ ಪ್ಲೇಯರಿನಲ್ಲಿ ನುಡಿಸಿ, ಲೇಬಲ್‌ನ ಮೇಲಿನ ಹೆಸರು, ನಂಬರುಗಳನ್ನು ಪಟ್ಟಿ ಮಾಡಿದರೆ ಯಾವ ಮನೆಯಲ್ಲಿ ಏನಿದೆ ಎಂಬುದಾದರೂ ದಾಖಲಾದೀತು. ರೇಡಿಯೋ ರಿಪೇರಿ ಬಲ್ಲ, ಕಾರ್ಖಾನೆಗಳಿಂದ ನಿವೃತ್ತರಾದ ಹಿರಿಯರು ಸಂಘಗಳಲ್ಲಿದ್ದಾರೆ. ಕಾವಿಗೆ, ಮೀಟರ್ ಹಿಡಿಯಲು ಆಸಕ್ತಿಯುಳ್ಳ ಮಕ್ಕಳೂ ಇದ್ದಾರೆ. ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವ ಕೆಲಸ ಸಂಘದ್ದು.

ಮನೆ ಖಾಲಿ ಮಾಡುವವರು ಒಂದಿಷ್ಟು ಗಮನಿಸಬೇಕು. ತಟ್ಟೆಗಳನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ ಪ್ಯಾಕ್ ಮಾಡಿ. ಟೋನ್‌ಆರ್ಮನ್ನು ಅದರ ಹಿಡಿಕೆಗೆ ದಾರದಿಂದ ಕಟ್ಟಿ, ಮುಳ್ಳಿಗೆ ಮುಚ್ಚಳ ಹಾಕಿ. ಭಂಗಾರದವನಿಗೆ ‘ನಾಳೆ ಬಾ’ ಎನ್ನಿ. ಅಷ್ಟರೊಳಗೆ ಐದನೆಯ ತಂತಿ ಎಲ್ಲಿಗೆ ಸೇರಿದೆ ಎಂದು ಒಮ್ಮೆ ನೋಡಿ.